ನೀಲಿ ಬಂದ ಕಡೆ

ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ತಾಗಲಿ,
ನಾಲ್ಕೇ ಸೆಕೆಂಡು, ರೆಪ್ಪೆ ಬಡಿಯಬೇಡಿ, ಎಂದೆ.
ಕಿನುಯೊ ಅಜ್ಜಿ ಬಡಿಯಲಿಲ್ಲ.
ಬಟ್ಟಲ ಕಂಠಕ್ಕೆ ಐವತ್ತು ವರ್ಷ ನೀಲಿ ಗೆರೆ ಎಳೆದವಳು,
ಗೆರೆಯ ತುದಿಗೆ ತುದಿ ಕೂಡುವ ತನಕ
ಉಸಿರು ಕಟ್ಟಿ ಗೊತ್ತು.

ಹೊರಗೆ ತಾಜಿಮಿಯ ಆಗಸ್ಟು.
ಬಸ್‌ಸ್ಟಾಪಿನ ಕಬ್ಬಿಣದ ಬೆಂಚಿಗೆ ಯಾರೂ ಕೂರುತ್ತಿಲ್ಲ.
ಅವಳ ಬೆರಳು ಮಾತ್ರ
ಈಗಷ್ಟೇ ಬಾವಿಯಿಂದ ಸೇದಿದ ಹಾಗೆ.

ಕಣ್ಣೊತ್ತಡ ಹದಿನಾಲ್ಕು.
ಹೋದ ವರ್ಷವೂ ಹದಿನಾಲ್ಕು, ಅದರ ಹಿಂದೆ ಹದಿಮೂರು.
ಇಂಥ ಸಾಧು ಅಂಕಿಯ ಕಣ್ಣೆದುರೇ
ಮೇಲಿನ ಹಲಗೆಯ ಬಟ್ಟಲುಗಳು ಕಳುವಾಗುತ್ತಿವೆ.
"ಕಪ್ಪಾಗಿ ಕಾಣುತ್ತದೆಯೆ?" ಕೇಳಿದೆ.
"ಇಲ್ಲಮ್ಮ, ಗೋಡೆ ಕಾಣುತ್ತದೆ, ಅಚ್ಚುಕಟ್ಟು ಗೋಡೆ.
ಕೈ ಚಾಚಿದರೆ ಬಟ್ಟಲು ಸಿಗುತ್ತದೆ."

ಪರದೆಗೆ ಅವಳ ಕಣ್ಣಿನ ತಳ ಬಂತು:
ರಕ್ತ ಓಡುವಲ್ಲಿ ಕೆಂಪು, ನಡೆಯುವಲ್ಲಿ ಹಳದಿ, ಹಸಿರು,
ತೆವಳುವಲ್ಲಿ ನೀಲಿ.
ನರದ ತಟ್ಟೆಯ ಕೆಳಭಾಗವೆಲ್ಲ ನೀಲಿ.
"ಅಬ್ಬ!" ಅಂದಳು, ಕುರ್ಚಿ ಮುಂದೆಳೆದು,
"ಈ ಬಣ್ಣ ನನ್ನ ಆವಿಗೆಯಿಂದ ಮೂರೇ ಸಲ ಬಂದದ್ದು."
ನಾನು ಹೇಳಬೇಕಿತ್ತು. ಹೇಳಲಿಲ್ಲ.

ಡಾಕ್ಟರ್ ಓನೊಗಿ ಹೇಳಿದರು.
ವಸಂತದ ಹಳೆಯ ಫೋಟೊ ತೆಗೆದು ತೋರಿಸಿದರು,
ತಟ್ಟೆಯ ಅಂಚಿಗೆ ಕಡ್ಡಿ ಗೀರಿದಷ್ಟು ರಕ್ತ,
ಎರಡು ತಿಂಗಳಲ್ಲಿ ತಾನೇ ಅಳಿಸಿಹೋದದ್ದು.
ರಾತ್ರಿಯಿಡೀ ತೋಳಿಗೆ ಕಟ್ಟಿದ್ದ ಪಟ್ಟಿಯ ಲೆಕ್ಕ ಓದಿದರು:
ಬೆಳಗಿನ ಜಾವ ಮೂರಕ್ಕೆ, ಎಂಬತ್ತೆಂಟು.
ಮಲಗುವಾಗ ನುಂಗುವ ಬಿಪಿ ಮಾತ್ರೆ
ಇಳಿಯುತ್ತಿದ್ದ ನೀರನ್ನು ಇನ್ನಷ್ಟು ಇಳಿಸಿರಬಹುದು.

ಮೂರು ಗಂಟೆ.
ಗಂಡನಿದ್ದಾಗ ಆ ಹೊತ್ತಿಗೆದ್ದು
ಆವಿಗೆಗೆ ಪೈನ್ ಸೌದೆ ಒಡ್ಡುತ್ತಿದ್ದವಳು.
ಸುಮ್ಮನೆ ಕೂತಿದ್ದು ಅಂದಳು:
"ಬೆಂಕಿ ಸರಿಯಿದ್ದು ಗಾಳಿ ಸಾಲದಿದ್ದರೆ
ಹಿಂದಿನ ಸಾಲು ಹಸಿಯಾಗೇ ಉಳಿಯುತ್ತದೆ.
ಮುಂದೆ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ."
ಡಾಕ್ಟರು ಅದನ್ನು ಬರೆದುಕೊಂಡರು.

ಮಾತ್ರೆ ಬೆಳಿಗ್ಗೆಗೆ ಬದಲಾಗಬೇಕು, ಹೃದಯದ ಡಾಕ್ಟರಿಗೊಂದು ಪತ್ರ.
ಕಣ್ಣಿನ ಹನಿ ಹಾಗೇ ಮುಂದುವರಿಯಲಿ.
ನಿಲ್ಲುತ್ತದೆಯೆ? ಗೊತ್ತಿಲ್ಲ,
ನಿಧಾನವಾದೀತು, ಅಂದರು.

ಹೊರಡುವಾಗ ಚಿತ್ರದ ಪ್ರತಿ ಬೇಡಿದಳು.
ಕೊಟ್ಟೆ. ಎದೆಗಿಂತ ಕೆಳಗೆ, ತನಗಿನ್ನೂ ಕಾಣುವಷ್ಟು ಕೆಳಗೆ
ಹಿಡಿದು ನೋಡುತ್ತ ಕೇಳಿದಳು:
"ಎಷ್ಟು ಡಿಗ್ರಿಗೆ ಬಂತಮ್ಮ, ಇದು?"
"ಮೂವತ್ತಾರೂವರೆ."
"ನಮ್ಮದಕ್ಕೆ ಸಾವಿರದ ಮುನ್ನೂರು ಬೇಕು," ಎಂದು
ನಕ್ಕು, ಬೆರಳಿಗೆ ಉಸಿರು ಊದಿಕೊಂಡು
ಬಿಸಿಲಿಗಿಳಿದಳು.