ಹನ್ನೊಂದು ಗ್ರಾಂ

ಗುಲ್ಟೇಕಡಿಯ ನಮ್ಮ ಅಳತೆ-ತೂಕದ ಕಚೇರಿಯಲ್ಲಿ
ನೀಲಿ ಮಖಮಲ್ಲಿನ ಪೆಟ್ಟಿಗೆಯೊಳಗೆ ಮಲಗಿತ್ತು
ಒಂದು ಕಿಲೋ.
ಹಿತ್ತಾಳೆಯದು. ಆದರೂ ನಮ್ಮ ಇಂಡಿ ಕಡೆ
ಅದಕ್ಕೆ ಕಲ್ಲು ಅಂತಲೇ ಹೆಸರು.
ಬರಿಗೈಲಿ ಮುಟ್ಟುವಂತಿಲ್ಲ, ಬೆವರೂ ತೂಗುತ್ತದೆ.
ಪೇಟೆಯ ಕಲ್ಲುಗಳೆಲ್ಲ ಸರತಿಯಲ್ಲಿ ಬಂದು
ಇದರೆದುರು ಕೂತೆದ್ದು
ಮುದ್ರೆ ಹೊಡೆಸಿಕೊಂಡು ಹೋಗುತ್ತಿದ್ದವು.
ಹೊಡೆಯುವ ಕೈ ನನ್ನದು.

ಸುಮನ್ ಢಾವರೆ, ಪ್ರಯೋಗಶಾಲೆಯ ಸಹಾಯಕಿ,
ಒಂದು ಶುಕ್ರವಾರ ನನ್ನ ಊಟದ ಚೀಲ ಕೇಳಿ ಪಡೆದಳು.
ಒಗೆದ ಕರವಸ್ತ್ರದಲ್ಲಿ ಕಲ್ಲು ಸುತ್ತಿ,
ಮೇಲೆ ನನ್ನ ಡಬ್ಬಿ ಇಟ್ಟು,
ರವಿವಾರ ಪೇಠೆಯ ಅಕ್ಕಸಾಲಿಗನಲ್ಲಿಗೆ ಒಯ್ದಳು.
ಒಂಬೈನೂರ ಎಂಬತ್ತೊಂಬತ್ತು.
ಮೂರು ಸಲ ಇಟ್ಟು ತೆಗೆದರೂ ಅಷ್ಟೇ.

ಸಾಹೇಬರು ನಕ್ಕರು.
"ಹನ್ನೊಂದು ಗ್ರಾಂ! ಎರಡೆಸಳು ಬೆಳ್ಳುಳ್ಳಿ.
ಇಷ್ಟಕ್ಕೆ ಯಾರ ಮನೆ ಮುಳುಗಿತು, ಬಾಯಿ?"
"ಎಲ್ಲರದೂ ಅಷ್ಟಷ್ಟೇ ಮುಳುಗಿದೆ ಸಾಹೇಬ್,
ಅದಕ್ಕೇ ಯಾರಿಗೂ ಕಂಡಿಲ್ಲ."

ಮುಂಬಯಿಗೆ ಬರೆದಳು, ಜಾಗೃತದಳಕ್ಕೆ.
ಹದಿನೇಳನೆಯ ದಿನ ಅದೇ ಪತ್ರ
"ಸೂಕ್ತ ಕ್ರಮಕ್ಕಾಗಿ" ಎಂಬ ಷರಾ ಹೊತ್ತು
ಅದೇ ಸಾಹೇಬರ ಮೇಜಿಗೆ ಬಂದು ಬಿತ್ತು.
ಅವಳು ಚುಚ್ಚಿದ ಗುಂಡುಸೂಜಿ ಸಹ
ಚುಚ್ಚಿದ ಜಾಗದಲ್ಲೇ ಇತ್ತು.

ಆಮೇಲೆ ನಡೆದ ವಿಚಾರಣೆ ಕಲ್ಲಿನದಲ್ಲ.
ಸರಕಾರಿ ಸ್ವತ್ತನ್ನು ಅಪ್ಪಣೆಯಿಲ್ಲದೆ ಹೊರಗೊಯ್ದದ್ದರದು.
ಒಯ್ದದ್ದನ್ನು ನೋಡಿದಿರಾ? ಹೌದು.
ಕೈಗವಸು ಹಾಕಿದ್ದಳೆ? ಇಲ್ಲ.
ಎರಡೂ ನಿಜ.
ಚೀಲ ಯಾರದೆಂದು ಅವರು ಕೇಳಲಿಲ್ಲ.
ನಾನಾಗಿ ಹೇಳಲಿಲ್ಲ.
ಟೈಪಾದ ಹೇಳಿಕೆ ಒಂದೂವರೆ ಪುಟ,
ಓದಿ ನೋಡಿ ಸಹಿ ಮಾಡಿ ಅಂದರು.
ಓದದೆ ಮಾಡಿದೆ.
ಹಗುರವಾಗಿತ್ತು ಕಾಗದ,
ಇರಬೇಕಾದದ್ದಕ್ಕಿಂತ ತುಸು ಹಗುರ.

ಅವಳಿಗೆ ಗಡಚಿರೋಲಿಗೆ ವರ್ಗ.
ಮಗನ ಹತ್ತನೆಯ ಪರೀಕ್ಷೆ ಮುಗಿಯಲಿ ಎಂದು ಕೇಳಿಕೊಂಡಿದ್ದಳಂತೆ,
ಅದಕ್ಕೂ ಷರಾ ಬಿತ್ತು.

ಹೋದ ತಿಂಗಳು ಆ ಕಡೆಯಿಂದ ಬಂದ ಜವಾನನೊಬ್ಬ
ನನ್ನ ಚೀಲ ತಂದುಕೊಟ್ಟ. ಒಗೆದು ಮಡಿಸಿದ್ದು.
ಡಬ್ಬಿ ತೊಳೆದಿತ್ತು, ಮುಚ್ಚಳ ಬಿಗಿಯಾಗಿತ್ತು.
ಖಾಲಿ ಮರಳಿಸಬಾರದೆಂದು
ಒಳಗೆ ಒಂದಿಷ್ಟು ಸಕ್ಕರೆ.

ತಕ್ಕಡಿಗಳೇ ತುಂಬಿದ ಕೋಣೆಯಲ್ಲಿ
ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತೆ.
ತೂಗಲಿಲ್ಲ.

ಪೆಟ್ಟಿಗೆಗೆ ಹೊಸ ಬೀಗ ಬಂದಿದೆ.
ಕಲ್ಲು ಅದೇ.
ನಾಳೆ ಈರುಳ್ಳಿ ವ್ಯಾಪಾರಿಗಳ ಪಾಳಿ,
ನಲವತ್ತು ಜನ. ಮುದ್ರೆಯ ಮೊಳೆಗೆ
ಎಣ್ಣೆ ಸವರಿ ಇಡಬೇಕು.