ಎರಡನೇ ಚರಣ ಮುಗಿದ ಮೇಲೆ

ಇವತ್ತಿನ ಪಾಳಿ ಯಾನುಷ್‌ಗೆ ಒಪ್ಪಿಸಿ
ದಿನಾ ನಾನೇ ಓಡಿಸುವ ಟ್ರಾಮಿನಲ್ಲಿ
ಟಿಕೇಟು ಕೊಂಡು ಕೂತು ಬಂದೆ.
ಹಳಿಯ ಮೇಲೆ ಕಣ್ಣಿಡಬೇಕಿಲ್ಲದವರಿಗೆ
ಶ್ಚೆಚಿನ್ ಬೇರೆಯೇ ಊರು.
ಇಳಿಯುವಾಗ ಅವನು ಗಂಟೆ ಬಾರಿಸಿ ಕೂಗಿದ:
"ಗ್ರಾಜೀನಾ, ಕುಣಿಯೋದು ಕುಣಿ, ಮಂಡಿ ಜೋಪಾನ!"

ಹಡಗುಕಟ್ಟೆಯ ಹಳೇ ಗೋದಾಮು. ಬಾಗಿಲಲ್ಲಿ
ಚೀಲ ತಡಕಿದ ಹುಡುಗ ನನ್ನ ಬಿಪಿ ಮಾತ್ರೆಯ ಡಬ್ಬಿ
ಗಿಲಕಿಯ ಹಾಗೆ ಅಲ್ಲಾಡಿಸಿ,
"ಇವತ್ತು ಬಂದವರೆಲ್ಲರದ್ದೂ ಇದೇ ವಾದ್ಯ" ಅಂದ. ನಕ್ಕೆ.
ಎಂಬತ್ತನಾಲ್ಕರಲ್ಲಿ ಬಾಗಿಲಲ್ಲಿ ಯಾರೂ ನಗುತ್ತಿರಲಿಲ್ಲ.
ಸಮವಸ್ತ್ರದ ಕೈ ನಮ್ಮ ಕೋಟಿನ ಒಳಪದರ ಬಿಚ್ಚಿ
ಕರಪತ್ರ ಹುಡುಕುತ್ತಿತ್ತು; ಸಿಕ್ಕಿದ್ದು
ಲೆಶೆಕ್‌ನ ಜೇಬಿನ ಅರ್ಧ ಕಡಿದ ಸೇಬು.
ಅದನ್ನೂ ಇಟ್ಟುಕೊಂಡರು.

"ಏಳನೇ ಧಕ್ಕೆ" ಅಂದರೆ ಆಗ ಐದು ಜನ.
ಈಗ ಮೂವರು. ಡ್ರಮ್ಮಿನ ಹಿಂದೆ ತೀರಿಕೊಂಡವನ ಮಗಳು,
ಅಪ್ಪನಂತೆಯೇ ನಾಲಿಗೆ ಹೊರಚಾಚಿ ಬಾರಿಸುವವಳು.
ವಿತೋಲ್ಡ್ ಬಂದ. ಮೈಕಿನ ಕಂಬವನ್ನು
ಬಸ್ಸಿನಲ್ಲಿ ನಿಂತವರು ಹಿಡಿವಂತೆ ಹಿಡಿದ.
ಶ್ರುತಿ ಎರಡು ಮನೆ ಇಳಿದಿದೆ.
ಕಿವಿಗೆ ಗೊತ್ತಾಯಿತು, ಗಂಟಲಿಗೆ ಹಿತವಾಯಿತು,
ನನ್ನದೂ ಇಳಿದಿದೆಯಲ್ಲ.

ಪಕ್ಕದ ಜಾಗ ಖಾಲಿ. ಎರಡು ಟಿಕೇಟು ಕೊಂಡಿದ್ದೆ.
ಹ್ಯಾಂಬರ್ಗಿನಿಂದ ಲೆಶೆಕ್ ಬೆನ್ನುನೋವು ಅಂದ.
ಅಮ್ಮನ ಮನೆ ಮಾರಿದ ಮೇಲೆ ಅವನಿಗೆ
ಈ ಊರಿನ ಕಡೆ ತಿರುಗಿದಾಗೆಲ್ಲ ಬೆನ್ನುನೋವು.
ನಿಜವೂ ಇರಬಹುದು.

ಎಂಟನೆಯದೋ ಒಂಬತ್ತನೆಯದೋ ಹಾಡು ಮುಗಿಸಿ
ವಿತೋಲ್ಡ್ ನೀರು ಕುಡಿದು ಹೇಳಿದ:
"ಮುಂದಿನದನ್ನು ರೇಡಿಯೋದಲ್ಲಿ ಒಂದೇ ಸಲ ಹಾಡಿದ್ದು.
ಮಾರನೇ ದಿನ ಫೋನು ಬಂತು. ಆಮೇಲೆ ಹಾಡಲಿಲ್ಲ."
ಮೈ ಜುಮ್ಮೆಂದಿತು.
ಆ ಒಂದು ಸಲ, ಕೋಣೆಯ ಬಾಗಿಲು ಹಾಕಿಕೊಂಡು
ರೇಡಿಯೋದ ಬಾಯಿಗೆ ಮೈಕು ಹಿಡಿದು, ಉಸಿರು ಬಿಗಿಹಿಡಿದು
ಟೇಪಿಗೆ ಇಳಿಸಿಕೊಂಡವರು ನಾವು, ಅಣ್ಣ ತಂಗಿ.
ಎರಡನೇ ಚರಣ ಮುಗಿದು, ಗಿಟಾರು ತಡೆದು ನಿಂತ
ಆ ನಾಲ್ಕೆಣಿಕೆಯ ಬಿಡುವಿನಲ್ಲಿ
ಬಾಗಿಲು ಕಿರ್ರೆಂದು, ಅಮ್ಮನ ದನಿ:
"ಆಲೂಗಡ್ಡೆ ಆರಿ ತಣ್ಣಗಾಯ್ತು, ಬರ್ತೀರೋ ಇಲ್ವೋ!"
ಖಟ್.
ಗುಂಡಿ ಒತ್ತಿದ್ದೂ ಅವಳೇ.

ಮೂವತ್ತೈದು ವರ್ಷ ಆ ಹಾಡನ್ನು ನಾನು ಹಾಗೇ ಬಲ್ಲೆ:
ಎರಡು ಚರಣ, ಒಂದು ಬಿಡುವು, ಆಲೂಗಡ್ಡೆ.
ಮೂರನೆಯದರಲ್ಲಿ ಏನಿತ್ತೋ!
ಮುಷ್ಕರದ ವರ್ಷ ಅಲ್ಲಿ ಮುಷ್ಕರ ತುಂಬಿಕೊಂಡೆ,
ಮದುವೆಯ ವರ್ಷ ಮುತ್ತು, ಅವನು ಬಿಟ್ಟುಹೋದ ವರ್ಷ ಬೈಗುಳ.
ಅಮ್ಮ ಆಸ್ಪತ್ರೆಯಲ್ಲಿದ್ದ ನವೆಂಬರಿನಲ್ಲಿ
ಏನೂ ತುಂಬದೆ ಬಿಟ್ಟಿದ್ದೆ.

ಈಗ ಎರಡನೇ ಚರಣ ಮುಗಿಯಿತು. ಗಿಟಾರು ತಡೆಯಿತು.
ಒಂದು, ಎರಡು...
ಸಾವಿರ ಜನರ ಕತ್ತಲೆ ಸುಮ್ಮನಿದೆ,
ಯಾರೂ ಊಟಕ್ಕೆ ಕರೆಯುತ್ತಿಲ್ಲ.
ಬಾಯಿ ತಾನೇ ತೆರೆಯಿತು: "ಆಲೂಗಡ್ಡೆ ಆರಿ ತಣ್ಣಗಾಯ್ತು!"
ಬಿಯರ್ ಲೋಟದವನೊಬ್ಬ ತಿರುಗಿ ನೋಡಿದ.
ನೋಡಲಿ. ದನಿ ಅಮ್ಮನದೇ ಆಗಿತ್ತು,
ಅದು ಯಾವಾಗ ನನ್ನ ಗಂಟಲಿಗೆ ಬಂದು ಕೂತಿತೋ.

ಆಮೇಲೆ ಬಂತು ಮೂರನೇ ಚರಣ.
ಪುರಸಭೆಯ ಮುಂದೆ ಸೈಕಲ್ ಕಳೆದುಕೊಂಡ ಹುಡುಗ
ಉಳಿದ ಬೆಲ್ಲೊಂದನ್ನು ಕಿಣಿಕಿಣಿ ಎನಿಸುತ್ತ
ಮನೆಗೆ ನಡೆದು ಹೋಗುತ್ತಾನೆ. ಅಷ್ಟೇ.
ಪ್ರಾಸ ಕೂಡ ಸರಿ ಕೂತಿಲ್ಲ.
ಇದಕ್ಕೆ ಹೆದರಿತ್ತೇ ಒಂದು ಸರ್ಕಾರ?

ಲೆಶೆಕ್‌ಗೆ ಮೆಸೇಜು ಹಾಕಿದೆ: "ಮೂರನೆಯದು ಸೈಕಲ್ ಬಗ್ಗೆ."
ಎಷ್ಟೋ ಹೊತ್ತಿನ ಮೇಲೆ ಉತ್ತರ: "ಕಳ್ಳ ಸಿಕ್ಕಿದನಾ?"
"ಇಲ್ಲ."
ಮೂರು ಚುಕ್ಕಿ ಮೂಡಿ, ಅಳಿಸಿ, ಮತ್ತೆ ಮೂಡಿ,
"ಹಾಗಾದರೆ ಊಟಕ್ಕೆ ಎದ್ದು ಹೋಗಿದ್ದೇ ಸರಿ."

ಕೊನೆಯ ಟ್ರಾಮು ನಿಲ್ಲಿಸಿಕೊಂಡು ಯಾನುಷ್ ಕಾದಿದ್ದ.
ಕಿವಿ ತುಂಬ ಜೀರುಂಡೆ, ಮುಂದಿನ ಸೀಟಿನಲ್ಲಿ ಕೂತೆ.
ಏನೋ ಹೇಳಿದ, ಕೇಳಿಸಲಿಲ್ಲ.
ಸೇತುವೆಯ ತಿರುವಿನಲ್ಲಿ ಗಂಟೆ ಬಾರಿಸಲು ಮರೆತ.
ನಾನು ಕೈಚಾಚಿ ಬಾರಿಸಿದೆ.