ಬಾಲದ ಮೇಲೊಂದು ಮೀಸೆ

ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ದಿನಾ ಬೆಳಿಗ್ಗೆ
ನಾನು ಸಮುದ್ರ ಮಾಡುತ್ತೇನೆ.
ನೀಲಿ ಡ್ರಮ್ಮಿನಲ್ಲಿ ಹೊಂಗಳ್ಳಿಯಿಂದ ಬಂದ ನಲ್ಲಿ ನೀರು,
ರಾತ್ರಿಯೇ ಹಿಡಿದಿಟ್ಟು ಕ್ಲೋರಿನ್ ಕಳೆದದ್ದು;
ಅದಕ್ಕೆ ಅಳತೆಯ ಉಪ್ಪು, ಮರದ ಹುಟ್ಟು, ಮುನ್ನೂರು ಸುತ್ತು.
ಅಷ್ಟು ದೂರ ಹರಿದು ಕಾವೇರಿ ಪಡೆಯಬೇಕಿದ್ದ ಉಪ್ಪು
ಇಲ್ಲೇ ಸಿಕ್ಕಿತು, ನನ್ನ ಕೈಯಿಂದ.
ಜಬೀಉಲ್ಲಾ ಸಾಬರು, ಮಾಪಕ ಜೇಬಲ್ಲೇ ಇದ್ದರೂ,
ಬೆರಳದ್ದಿ ಚೀಪಿ
'ಇನ್ನೊಂದು ಹಿಡಿ, ನಂಜಮಣಿ' ಅನ್ನುತ್ತಾರೆ,
ಮನೆಯ ಸಾರಿಗೆ ಹೇಳಿದ ಹಾಗೆ.

ಮೂಲೆಯ ತೊಟ್ಟಿ ನೋಡಿ ಬಂದವರೆಲ್ಲ ಕೇಳುವರು:
'ಇದು ಖಾಲೀನಾ?'
ಖಾಲಿಯಲ್ಲ. ಕಾಯಬೇಕು.
ಹವಳದ ಕಲ್ಲಿನ ಬುಡದಲ್ಲಿ, ಮರಳು ತುಸು ಜಾರಿದ ಕಡೆ
ಮೊದಲು ಎರಡು ಕಣ್ಣು ಬರುತ್ತವೆ, ನೆತ್ತಿಯ ಮೇಲೇ ಕೂತ ಕಣ್ಣು,
ಒಂದು ಆಕಡೆಗೆ, ಒಂದು ಈಕಡೆಗೆ.
ಆಮೇಲೆ ಬಾಯಿ: ಕೊಟ್ಟ ಸಾಲ ಕೇಳಿದಾಗ
ನಮ್ಮ ಮಾವ ಮಾಡುವಂಥ ಬಾಯಿ.
ಆಮೇಲೆ ಕಿರುಬೆರಳುದ್ದದ ಅರಿಸಿನ,
ಅದರ ಮೇಲೆ ಯಾರೋ ಬಟ್ಟೆನೀಲಿ ಚಿಮುಕಿಸಿದ ಚುಕ್ಕಿ.
ಈಜು ಇದಕ್ಕೆ ಅಷ್ಟಕ್ಕಷ್ಟೇ.
ಎದೆಯ ರೆಕ್ಕೆಗಳನ್ನು ಮೊಣಕೈಯಂತೆ ಊರಿ
ಜಗಲಿಯ ಮೇಲೆ ಕೂತ ಹಾಗೆ ಕೂರುತ್ತದೆ.
ಹಸಿದರೆ ಒಂದು ಬಾಯಿ ಮರಳು ತುಂಬಿ
ಕಿವಿರಿನಲ್ಲಿ ಜರಡಿ ಹಿಡಿದು ಉದುರಿಸುತ್ತದೆ.
ನನ್ನಮ್ಮ ಮೊರದಲ್ಲಿ ರಾಗಿ ಕೇರುವಾಗ
ಮುಖ ಇಷ್ಟೇ ಗಂಭೀರ.

ಅದರ ಹಿಂದೆ ಅವನು.
ಸೀಗಡಿ. ಹೆಚ್ಚುಕಮ್ಮಿ ಕುರುಡ. ಮೇಸ್ತ್ರಿ.
ಒಂದು ಕೈ ದಪ್ಪ, ಒಂದು ಕೈ ಸಣ್ಣ.
ದಿನವಿಡೀ ಮರಳು ಹೊರುತ್ತಾನೆ, ಚಿಪ್ಪಿನ ಚೂರು ಜೋಡಿಸುತ್ತಾನೆ,
ಕುಸಿಯುತ್ತದೆ, ಮತ್ತೆ ಹೊರುತ್ತಾನೆ.
ಬಾಗಿಲಿಗೆ ಬಂದಾಗೆಲ್ಲ ಒಂದು ಮೀಸೆ ಮಾತ್ರ
ಮೀನಿನ ಬಾಲದ ಮೇಲೆ ಇಟ್ಟೇ ಇರುತ್ತಾನೆ.
ನಾನು ಗಾಜಿನ ಬಳಿ ಕೈ ತಂದರೆ ಬಾಲ ಒಮ್ಮೆ ನಡುಗುತ್ತದೆ,
ಅಷ್ಟೇ. ಅವನು ಒಳಗೆ.
ಇನ್ನೂ ಹತ್ತಿರ ತಂದರೆ ಮೀನೂ ಒಳಗೆ, ತಲೆ ಮುಂದಾಗಿ.
ಸಂಜೆ ದೀಪ ಆರಿಸಿದ ಮೇಲೆ
ಒಳಗಿಂದ ಮರಳು ತಳ್ಳಿ ಬಾಗಿಲು ಹಾಕಿಕೊಳ್ಳುತ್ತಾರೆ.
ಮನೆ ಯಾರದು, ಬಾಡಿಗೆ ಯಾರು ಕೊಡುವುದು,
ನನಗೆ ಇವತ್ತಿಗೂ ತಿಳಿಯದು.

ಅವರು ಬಂದ ಮೊದಲ ದಿನ 'ಟಕ್' ಅಂದಿತು.
ಗಾಜು ಸೀಳಿತೆಂದು ಟಾರ್ಚು ಹಿಡಿದು
ನೆಲವೆಲ್ಲ ತಡವಿದೆ. ಒಣಗಿತ್ತು.
ಸಾಬರು ನಕ್ಕರು: 'ಅವನು ಚಿಟಿಕೆ ಹೊಡೆದದ್ದು ಕಣಮ್ಮಾ.'

ಶುಕ್ರವಾರ ಸರಸ್ವತಿಪುರಂನ ಹಲ್ಲಿನ ಡಾಕ್ಟರು ಬಂದರು.
'ಆ ಹಳದೀದು ಕೊಡಿ. ಸೀಗಡಿ ಬೇಡ,
ಯಾರು ನೋಡ್ತಾರೆ ಅದನ್ನ.'
ಸಾಬರು ನಮಾಜಿಗೆ ಹೋಗಿದ್ದರು. ನಾನೇ ಬಲೆ ಹಾಕಿದೆ.
'ಜೋಡಿ, ಸಾರ್' ಅನ್ನಬೇಕಿತ್ತು.
ಬಿಲ್ಲು ಬರೆದೆ.

ಶನಿವಾರ. ಭಾನುವಾರ.
ಬಿಲದ ಬಾಯಿಂದ ಎರಡು ಮೀಸೆ ಹೊರಬಂದು
ಎಡಕ್ಕೆ ತಡವಿದವು, ಬಲಕ್ಕೆ ತಡವಿದವು,
ಬಾಲ ಇರಬೇಕಾದ ಎತ್ತರದಲ್ಲಿ ನೀರನ್ನು ಮುಟ್ಟಿ
ನಿಂತವು.
ಮರಳು ಕುಸಿಯಿತು. ಯಾರೂ ಹೊರಲಿಲ್ಲ.

ಸೋಮವಾರ ಲೆಕ್ಕದ ಪುಸ್ತಕದಲ್ಲಿ ಬರೆದೆ:
ಸೀಗಡಿ, ಒಂದು, ಸತ್ತಿದೆ.
ಹನ್ನೊಂದು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು,
ಎರಡನೆಯದು ಅಂದರೂ ಆದೀತು.
ಕವರಿಗೆ ನನ್ನ ಸಮುದ್ರ ಅರ್ಧ ತುಂಬಿ, ರಬ್ಬರ್ ಬ್ಯಾಂಡ್ ಸುತ್ತಿ,
ಸೆರಗಿನೊಳಗೆ ಇಟ್ಟುಕೊಂಡು ಸಿಟಿ ಬಸ್ ಹತ್ತಿದೆ.
ಹೆಂಗಸರಿಗೆ ದುಡ್ಡಿಲ್ಲ;
ಸೀಗಡಿಯದು ನಾನು ಕೇಳಲಿಲ್ಲ.
ಮೆಟ್ರೊಪೋಲ್ ಸರ್ಕಲ್ಲಿನಲ್ಲಿ ಬ್ರೇಕು ಬಿದ್ದಾಗ
'ಟಕ್'.
ಕಂಡಕ್ಟರು ತಿರುಗಿದ. ನಾನು ಕಿಟಕಿಯಾಚೆ ನೋಡಿದೆ.

ಕ್ಲಿನಿಕ್ಕಿನಲ್ಲಿ ಒಳಗೆಲ್ಲೋ ಡ್ರಿಲ್ಲಿನ ಸದ್ದು.
ಚೀಟಿ ಕೊಡುವ ಹುಡುಗಿ ಅಂದಳು:
'ದಂಡಕ್ಕೆ ತಂದ್ರು ಆಂಟಿ, ಆ ಮೀನು ಹೊರಗೇ ಬರಲ್ಲ.'
ಅವಳು ಫೋನಿಗೆ ತಿರುಗಿದಾಗ ಕವರು ತೇಲಿಬಿಟ್ಟೆ,
ನೀರು ಹೊಂದುವವರೆಗೆ ಎಣಿಸಿ, ಬಾಯಿ ಬಿಚ್ಚಿದೆ.
ಕಲ್ಲಿನ ಕೆಳಗೆ ಹೋದ. ಅಲ್ಲಿಂದ ಏನೂ ಕಾಣಲಿಲ್ಲ.

ದವಡೆ ಹಿಡಿದು ಕೂತವರ ಸಾಲಿನಲ್ಲಿ
ನಾನೂ ಒಂದು ಕುರ್ಚಿ ಹಿಡಿದೆ.
ಪಕ್ಕದ ಅಜ್ಜ ಕೇಳಿದರು: 'ನಿಂದು ಯಾವ ಹಲ್ಲವ್ವಾ?'
'ನೋಡಬೇಕು' ಅಂದೆ,
ಕಣ್ಣು ಮರಳಿನ ಮೇಲೇ.